ಏಳನೆಯ ಹಾಡು

ಆರು ಹಾಡಿದ್ದರೆ ಅದು ಆಲ್ಬಮ್ ಅಲ್ಲವಂತೆ. ಏಳಾದರೂ ಬೇಕಂತೆ. ಹಾಡುಗಳನ್ನು ಲೋಕದ ಮೊಬೈಲುಗಳಿಗೆಲ್ಲ ಹಂಚುವ ಆ್ಯಪಿನ ನಿಯಮ ಅದು. ಆರಿದ್ದರೆ ಅದಕ್ಕೆ ಎರಡಕ್ಷರದ ಇನ್ನೊಂದು ಹೆಸರಿದೆ, ಇ.ಪಿ. ಅಂತ. ಆ ಹೆಸರು ಅಂಬರೀಶನಿಗೆ ಹಿಡಿಸಲಿಲ್ಲ. ಎರಡು ವರ್ಷ ಗಂಟಲು ಹರಿದುಕೊಂಡು ಕೊನೆಗೆ ವಿಮಾ ಪಾಲಿಸಿಯ ಹಾಗೆ ಕೇಳಿಸುವ ಹೆಸರಿನಲ್ಲಿ ಊರಿಗೆ ಮುಖ ತೋರಿಸುವುದು ಹೇಗೆ ಎಂದು ಯೋಚಿಸಿ, ಯಾರನ್ನೂ ಕೇಳದೆ ಏಳನೆಯದೊಂದನ್ನು ಸೇರಿಸಿಬಿಟ್ಟ. ಬಸಲಿಂಗನ ಭಾನುವಾರ ಹಾಳಾದದ್ದು ಇಷ್ಟರಿಂದ.

ಬಸಲಿಂಗ ಯಾದಗಿರಿ ಕಡೆಯವನು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕಬ್ಬಿಣ ಕೊರೆಯುತ್ತಾನೆ. ಅಂಬರೀಶ ಆನೇಕಲ್ಲಿನವನು, ಐಟಿ ಕಂಪನಿಯವರನ್ನು ಮನೆಗೆ ಬಿಡುವ ಕ್ಯಾಬು ಓಡಿಸುತ್ತಾನೆ. ಇಬ್ಬರೂ ಸೇರಿದರೆ 'ಹತ್ತು ಬೈ ಹನ್ನೆರಡು' ಎಂಬ ರ‍್ಯಾಪ್ ಜೋಡಿ. ಹೆಸರಿನಲ್ಲಿ ಗೂಢವೇನೂ ಇಲ್ಲ, ಬಸಲಿಂಗನ ಬಾಡಿಗೆ ಕೋಣೆಯ ಅಳತೆ ಅದು. ಅವರ ಸ್ಟುಡಿಯೋ ಕೂಡ ಅದೇ.

ಕೋಣೆ ಇರುವುದು ಬೇಗೂರಿನ ಹಳೇ ಊರಿನ ಒಂದು ಗಲ್ಲಿಯಲ್ಲಿ, ದೊಡ್ಡಮುನಿಯಪ್ಪನವರ ಮೂರು ಅಂತಸ್ತಿನ ಕಟ್ಟಡದ ತಳದಲ್ಲಿ, ಗಂಗಮ್ಮನ ಹಿಟ್ಟಿನ ಗಿರಣಿಯ ಬೆನ್ನಿಗೆ. ಗೋಡೆಯ ಆಚೆ ರಾಗಿ ಬೀಸುತ್ತಿದ್ದರೆ ಈಚೆ ಲೋಟದ ನೀರು ನಡುಗುತ್ತದೆ. ಹಾಗಾಗಿ ಅದನ್ನು ಬೇರೆ ಯಾರೂ ಬಾಡಿಗೆಗೆ ಕೇಳಿರಲಿಲ್ಲ. ಗಿರಣಿ ಓಡುವಾಗ ರೆಕಾರ್ಡಿಂಗ್ ಸಾಧ್ಯವಿಲ್ಲ. ಗಿರಣಿ ಮುಚ್ಚಿದ ಮೇಲೆ ಹಾಡೋಣವೆಂದರೆ ಮೇಲಿನ ಹದಿಮೂರು ಕೋಣೆಗಳು ನಿದ್ದೆ ಮಾಡಬೇಕು. ಉಳಿದದ್ದು ಒಂದೇ ದಾರಿ. ಹಗಲು ಕರೆಂಟು ಹೋಗಿ ಗಿರಣಿ ನಿಂತ ಕೂಡಲೇ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಹಾಡಿಕೊಳ್ಳುವುದು. ಊರೆಲ್ಲ ಫ್ಯಾನಿನ ಕಡೆ ನೋಡಿ ಶಪಿಸುವ ಹೊತ್ತಿಗೆ ಬಸಲಿಂಗ ಆನಂದದಿಂದ ಕಂಬಳಿ ಹೊದ್ದು ಮೈಕಿನ ಮುಂದೆ ಕೂತಿರುತ್ತಿದ್ದ. ಕರೆಂಟು ಬೇಗ ಬಂದುಬಿಟ್ಟದ್ದಕ್ಕೆ ಇಲಾಖೆಗೆ ಬೈದವರು ಇಡೀ ಬೆಂಗಳೂರಿನಲ್ಲಿ ಇವರಿಬ್ಬರೇ ಇರಬೇಕು. ಆಲ್ಬಮ್ಮಿನ ಹೆಸರೂ ಅದೇ, 'ಕರೆಂಟ್ ಹೋದಾಗ'.

ದೊಡ್ಡಮುನಿಯಪ್ಪನವರಿಗೆ ಎಪ್ಪತ್ತರ ಹತ್ತಿರ. ಕೆಟ್ಟವರಲ್ಲ. ಆದರೆ ಒಂದು ಅಭ್ಯಾಸವಿದೆ. ಪ್ರತಿದಿನ ಬಂದು ನೀರಿನ ಮೋಟರು ಹಾಕುತ್ತಾರೆ. ಟ್ಯಾಂಕು ತುಂಬುವಷ್ಟರಲ್ಲಿ ಮೂರು ಮಹಡಿ ಹತ್ತಿ ಪ್ರತಿ ಬಾಗಿಲ ಮುಂದಿನ ಚಪ್ಪಲಿ ಎಣಿಸುತ್ತಾರೆ. ಬಾಡಿಗೆಗೆ ಬಂದವರು ಇಬ್ಬರೇ ಎನ್ನುತ್ತಾರೆ, ಒಳಗೆ ಐದು ಜನ ಮಲಗುತ್ತಾರೆ. ಬಾಯಿ ಸುಳ್ಳು ಹೇಳಬಹುದು, ಚಪ್ಪಲಿ ಹೇಳುವುದಿಲ್ಲ ಎಂಬುದು ಅವರ ಅನುಭವ. ಅಂಬರೀಶ ಎರಡು ವರ್ಷವೂ ತನ್ನ ಚಪ್ಪಲಿಯನ್ನು ಬ್ಯಾಗಿಗೆ ತುಂಬಿಕೊಂಡೇ ಆ ಕೋಣೆಯೊಳಗೆ ಕಾಲಿಟ್ಟಿದ್ದ.

ದಸರೆಯ ಹೊತ್ತಿಗೆ ಊರಿನಿಂದ ಬಂದ ಬಸಲಿಂಗನ ತಾಯಿ ಮಲಕವ್ವನಿಗೆ ಈ ಸೂಕ್ಷ್ಮ ತಿಳಿಯದು. ಬಾಗಿಲ ಮುಂದೆಯೇ ಬಿಟ್ಟಳು. ಮೂರನೆಯ ದಿನ ದೊಡ್ಡಮುನಿಯಪ್ಪ ತಮ್ಮ ಕೋಲಿನ ತುದಿಯನ್ನು ಆ ಚಪ್ಪಲಿಯ ಕಡೆ ಚಾಚಿ, ಇದು ಇನ್ನೂ ಎಷ್ಟು ದಿನ ಇಲ್ಲಿರುತ್ತದೆ ಎಂದು ಕೇಳಿದರು. ಮಲಕವ್ವ ಒಳಗಿನಿಂದ ಕೇಳಿಸಿಕೊಂಡಳು. ಸಂಜೆಯ ಬಸ್ಸಿಗೆ ಹೊರಟೇಬಿಟ್ಟಳು. ಆ ಸಿಟ್ಟಿನಲ್ಲಿ ಹುಟ್ಟಿದ ಹಾಡು 'ಚಪ್ಪಲಿ ಲೆಕ್ಕ'.

ಹಾಡು ಅವರು ಕಟ್ಟಿದವುಗಳಲ್ಲೇ ಚೆನ್ನಾಗಿತ್ತು. ಅದೇ ಅದರ ದೋಷ. ಸಿಟ್ಟು ಇಳಿದ ಮೇಲೆ ಬಸಲಿಂಗ ಲೆಕ್ಕ ಹಾಕಿದ. ಈ ಕೋಣೆ ಸಿಗಲು ಮೂರು ತಿಂಗಳು ಅಲೆದಿದ್ದ. ಮದುವೆಯಾಗಿಲ್ಲ ಎಂದಾಗ ಅರ್ಧ ಬಾಗಿಲುಗಳು ಮುಚ್ಚಿದ್ದವು, ಹಾಡುತ್ತೇನೆ ಎಂದಾಗ ಉಳಿದರ್ಧ. ಇನ್ನು ದೊಡ್ಡಮುನಿಯಪ್ಪನವರೋ, ಎರಡನೇ ಮಹಡಿಯವನೊಬ್ಬ ಪ್ರೀತಿಯಿಂದ 'ತಾತ' ಎಂದು ಕರೆದದ್ದಕ್ಕೆ ತಿಂಗಳೊಳಗೆ ಕೋಣೆ ಖಾಲಿ ಮಾಡಿಸಿದವರು. ಕೋಣೆ ಹೋದರೆ ಸ್ಟುಡಿಯೋ ಹೋಯಿತು, ಸ್ಟುಡಿಯೋ ಹೋದರೆ ಜೋಡಿ ಹೋಯಿತು. ಆ ಹಾಡು ಬೇಡ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅಂದರೆ, ಒಪ್ಪಿಕೊಂಡಿದ್ದಾರೆಂದು ಬಸಲಿಂಗ ನಂಬಿದ್ದ.

ಭಾನುವಾರ ಬೆಳಿಗ್ಗೆ ಆರಕ್ಕೆ ಆಲ್ಬಮ್ ಬಿಡುಗಡೆಯಾದ ಸುದ್ದಿ ಮೊಬೈಲಿಗೆ ಬಂತು. ಬಸಲಿಂಗ ಕಣ್ಣುಜ್ಜಿಕೊಂಡು ಆ ಲಿಂಕನ್ನು ಕಾರ್ಖಾನೆಯವರಿಗೆ ಕಳಿಸಿದ, ಊರಿನವರಿಗೆ ಕಳಿಸಿದ, ಕಟ್ಟಡದ ಬಾಡಿಗೆದಾರರ ವಾಟ್ಸಾಪ್ ಗುಂಪಿಗೂ ಕಳಿಸಿ, ಎಲ್ಲರೂ ಕೇಳಿ ಹರಸಬೇಕೆಂದು ಕೈಮುಗಿದ ಚಿತ್ರ ಹಾಕಿದ. ನೀರು ಹಿಡಿದ, ಸ್ನಾನ ಮಾಡಿದ, ಬಟ್ಟೆ ಒಗೆದು ಹರವಿ ಬಂದ. ಒಂಬತ್ತು ಗಂಟೆಗೆ ಚಹಾ ಹಿಡಿದು ಕೂತು, ತಾನೇ ಹಾಡಿದ್ದನ್ನು ತಾನೇ ಕೇಳುವ ಸುಖಕ್ಕೆ ಕಣ್ಣು ಮುಚ್ಚಿದ. ಆರು ಹಾಡು ಮುಗಿದವು. ಕಿವಿಯಿಂದ ಇಯರ್‌ಫೋನು ತೆಗೆಯಬೇಕು, ಅಷ್ಟರಲ್ಲಿ ಒಳಗೆ ಯಾರೋ ಚಪ್ಪಲಿ ಎಣಿಸತೊಡಗಿದರು. ಧ್ವನಿ ತನ್ನದೇ.

ಅಂಬರೀಶ ನಾಲ್ಕನೆಯ ಸಲಕ್ಕೆ ಫೋನೆತ್ತಿದ.

"ಲೇ, ಏಳನೇದು ಯಾಕ ಐತಿ ಅದರಾಗ?"

"ಆರಕ್ಕೆ ಆಲ್ಬಮ್ ಅನ್ನಲ್ಲ ಮಗಾ. ಇನ್ನೊಂದು ಬೇಕಿತ್ತು, ಅದೊಂದೇ ರೆಡಿ ಇತ್ತು. ಹಾಕ್ಬಿಟ್ಟೆ."

"ಮಾಲಕ್ರು ಕೇಳಿದ್ರ?"

"ಅವ್ರ ಹತ್ರ ಇರೋದು ಬಟನ್ ಫೋನು ಗುರು. ಅದ್ರಲ್ಲಿ ಹಾಡು ಎಲ್ಲಿ ಬರುತ್ತೆ. ಆರಾಮಾಗಿರು."

"ಆರಾಮ ಇರಾಕ ನಿನ್ ಚಪ್ಲಿ ಆನೇಕಲ್ದಾಗ ಅದಾವಪಾ. ನನ್ವು ಇಲ್ಲೇ ಅವರ ಬಾಗ್ಲ ಮುಂದ ಅದಾವು."

ಈಗಲೇ ತೆಗೆಸುವಂತೆ ಬಸಲಿಂಗ ಬೇಡಿಕೊಂಡ. ಅಂಬರೀಶ ವಿಚಾರಿಸಿ ಹೇಳಿದ ಪ್ರಕಾರ, ಹಾಕಿದ ಹಾಡನ್ನು ತೆಗೆಸಲು ಅರ್ಜಿ ಕೊಡಬೇಕು, ಅದಕ್ಕೆ ಮೂರು ದಿನ ಹಿಡಿಯುತ್ತದೆ. ಮೂರು ದಿನ ದೊಡ್ಡಮುನಿಯಪ್ಪನವರ ಕಿವಿಯನ್ನು ಕಾಯಬೇಕಾಯಿತು. ಹೇಗೆ ಎಂದು ಬಸಲಿಂಗ ಯೋಚಿಸುತ್ತಿರುವಾಗ ಬಾಗಿಲು ಬಡಿದದ್ದು ಮೂರನೇ ಮಹಡಿಯ ದೇವರಾಜ.

ದೇವರಾಜ ಒಂದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಸೂಪರ್‌ವೈಸರ್. ಮನೆಯಲ್ಲಿ ಉಪ್ಪು ಕೇಳಿದರೂ ಬೆಳಗಿನ ಹಾಜರಿ ಕೂಗಿದ ಹಾಗಿರುತ್ತದೆ. ಅವನು ಬಂದವನೇ ಬಸಲಿಂಗನನ್ನು ತಬ್ಬಿಕೊಂಡ. ಹನ್ನೊಂದು ವರ್ಷದಿಂದ ಎದೆಯಲ್ಲಿದ್ದದ್ದನ್ನು ನೀವು ಹಾಡಿಬಿಟ್ಟಿರಿ ಎಂದ. ಏಳನೆಯದನ್ನು ಹದಿಮೂರು ಕೋಣೆಯವರೂ ಕೇಳಿದ್ದಾರೆ, ಉಳಿದ ಆರನ್ನು ಕೇಳಲು ಯಾರಿಗೂ ಪುರುಸೊತ್ತಾಗಿಲ್ಲ ಎಂದ. ಬರೀ ಕೇಳಿ ಸುಮ್ಮನಿರುವ ಜನ ನಾವಲ್ಲ ಎಂದು ಸೇರಿಸಿ, ಮೆಟ್ಟಿಲ ಕಡೆ ಕೈ ತೋರಿಸಿದ.

ಬಸಲಿಂಗ ಹೊರಗೆ ಬಂದು ನೋಡಿದ. ಕಟ್ಟಡದವರು ತಮ್ಮಲ್ಲಿದ್ದ ಚಪ್ಪಲಿಗಳನ್ನೆಲ್ಲ ಹೊರಗಿಟ್ಟಿದ್ದರು. ದಿನನಿತ್ಯದವು, ಮದುವೆಯಲ್ಲಿ ಒಮ್ಮೆ ಮಾತ್ರ ಮೆಟ್ಟಿದವು, ಮಕ್ಕಳಿಗೆ ಸಣ್ಣವಾದವು, ಉಂಗುಷ್ಟ ಕಿತ್ತವು, ಜೋಡಿ ಕಳೆದುಕೊಂಡ ಒಂಟಿ ಸ್ಯಾಂಡಲ್ಲು, ಒಂದು ಗಂಬೂಟು. ಒಬ್ಬ ಗಂಡ ಒಬ್ಬ ಹೆಂಡತಿ ಇರುವ ಕೋಣೆಯ ಮುಂದೆ ಹತ್ತೊಂಬತ್ತು ಜೊತೆ. ವೈಕುಂಠ ಏಕಾದಶಿಯ ದೇವಸ್ಥಾನದ ಬಾಗಿಲೂ ಇದರ ಮುಂದೆ ಖಾಲಿ ಕಾಣಬೇಕು.

"ಎಣಿಸ್ಲಿ ಇವತ್ತು," ಎಂದ ದೇವರಾಜ. "ನೀವ್ ಭಯ ಪಡ್ಬೇಡಿ ಸಾರ್. ನಿಮ್ಮ ಹಿಂದೆ ನಾವೆಲ್ಲ ಇದ್ದೀವಿ."

"ಹಿಂದ ನೀವಿರ್ತೀರಿ, ಖರೆ. ಮುಂದ ನಾ ಒಬ್ಬನ ಇರ್ತೀನಲ್ರೀ."

ದೇವರಾಜ ಇದನ್ನು ವಿನಯವೆಂದು ತಿಳಿದು ಬೆನ್ನು ತಟ್ಟಿ, ಉಪ್ಪಿಟ್ಟು ಆರುತ್ತದೆಂದು ಮೇಲೆ ಹೋದ.

ಗಂಟೆ ಹತ್ತೂವರೆ. ಭಾನುವಾರಗಳಲ್ಲಿ ದೊಡ್ಡಮುನಿಯಪ್ಪ ಮಟನ್ ಅಂಗಡಿಯ ಸಾಲು ಮುಗಿಸಿಕೊಂಡು ಹನ್ನೊಂದಕ್ಕೆ ಬರುತ್ತಾರೆ. ಬಸಲಿಂಗ ಊರಿಂದ ಜೋಳ ತಂದಿದ್ದ ಖಾಲಿ ಚೀಲವೊಂದನ್ನು ಹಿಡಿದು ಓಡಿದ. ಮೂರನೇ ಮಹಡಿಯಿಂದ ಶುರುಮಾಡಿದ. ಬಾಗಿಲುಗಳ ಹಿಂದೆ ಒಗ್ಗರಣೆಯ ಸದ್ದು, ಕ್ರಿಕೆಟ್ಟಿನ ಸದ್ದು, ಮೂರು ಕೋಣೆಗಳಲ್ಲಿ ಅವನದೇ ಸದ್ದು. ಬಗ್ಗಿ ಬಗ್ಗಿ ತುಂಬಿದ. ಎಷ್ಟು ಬಿಡಬೇಕು, ಎಷ್ಟು ತೆಗೆಯಬೇಕು ಎಂದು ಪ್ರತಿ ಬಾಗಿಲಲ್ಲಿ ನಿಂತು ಲೆಕ್ಕ ಮಾಡಲು ಹೊತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಚೀಲಕ್ಕೆ. ಬಾಯಿ ಕಟ್ಟಿ ಹೆಗಲಿಗೇರಿಸಿ ಕೊನೆಯ ಮೆಟ್ಟಿಲಿಗೆ ಬಂದಾಗ ಎದುರಿಗೆ ದೊಡ್ಡಮುನಿಯಪ್ಪ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಟನ್ನಿನ ಕಪ್ಪು ಕವರು.

"ಏನ್ಲಾ ಬಸ್ಲಿಂಗ, ಮೂಟೆ ಒತ್ಕಂಡು ಎತ್ಲಾಗೆ? ಏಳ್ದೆ ಕೇಳ್ದೆ ರೂಮ್ ಖಾಲಿ ಮಾಡ್ತಿದೀಯಾ?"

"ಇಲ್ರೀ ಮಾಲಕ್ರ. ಜ್ವಾಳ. ಮ್ಯಾಲ ಬಿಸಲಿಗೆ ಹಾಕಿದ್ದೆ. ಗಿರಣಿಗೆ ಹೊಂಟೀನಿ."

ದೊಡ್ಡಮುನಿಯಪ್ಪ ಕೋಲಿನಿಂದ ಮೂಟೆಯನ್ನು ತಿವಿದು ನೋಡಿದರು. ನಿಮ್ಮ ಕಡೆ ಜೋಳ ಇಷ್ಟು ದಪ್ಪ ಬೆಳೆಯುತ್ತದೆಯೇ ಎಂದು ಕೇಳಿದರು. ಈ ಸಲ ಮಳೆ ಚಲೋ ಆಗಿದೆ ಎಂದ ಬಸಲಿಂಗ. ಅವರು ತಲೆಯಾಡಿಸಿ, ಮೋಟರು ಹಾಕಿ, ಮೇಲೆ ಹತ್ತಿದರು. ಒಂದನೇ ಮಹಡಿಯಲ್ಲಿ ನಿಂತರು. ಎರಡನೆಯದಕ್ಕೆ ಹೋದರು. ಮೂರನೆಯದರಿಂದ ಇಳಿದು ಬರುವಾಗ ಮುಖ ಬಿಳಿಚಿತ್ತು. ಮೂವತ್ತು ವರ್ಷದಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ. ಇಡೀ ಕಟ್ಟಡದಲ್ಲಿ ಒಂದೇ ಒಂದು ಚಪ್ಪಲಿಯಿಲ್ಲ.

"ಲೇ, ಎಲ್ಲಾ ಎಲ್ ಓದ್ರು?"

ಬಸಲಿಂಗನಿಗೆ ತನ್ನ ಕೆಲಸದಲ್ಲಿ ತುಸು ಹೆಚ್ಚೇ ಶ್ರದ್ಧೆಯಾಯಿತೆಂದು ಆಗ ಹೊಳೆಯಿತು. ದೇವಸ್ಥಾನಕ್ಕೆ ಹೋಗಿದ್ದಾರೆ ಎಂದ. ಹದಿಮೂರು ರೂಮಿನವರೂ ಒಟ್ಟಿಗೇ ಯಾವ ದೇವಸ್ಥಾನಕ್ಕೆ ಎಂದು ದೊಡ್ಡಮುನಿಯಪ್ಪ ಕೇಳುವಷ್ಟರಲ್ಲಿ ಮೇಲಿನಿಂದ ಕುಕ್ಕರು ಮೂರು ಸಲ ಕೂಗಿತು. ಇಬ್ಬರೂ ಮೇಲೆ ನೋಡಿದರು. ಬಸಲಿಂಗ ಇನ್ನು ಅಲ್ಲಿ ನಿಲ್ಲುವುದು ಕ್ಷೇಮವಲ್ಲವೆಂದು ಗಿರಣಿಯ ಕಡೆ ನಡೆದ. ಹಿಂದೆಯೇ ಕೋಲಿನ ಸದ್ದು. ದೊಡ್ಡಮುನಿಯಪ್ಪನವರೂ ರಾಗಿ ಬೀಸಲು ಕೊಟ್ಟಿದ್ದರಂತೆ, ಅಲ್ಲದೆ ಊರಿನ ಸಮಾಚಾರ ಯಾರಿಗೂ ಗೊತ್ತಿಲ್ಲದಿದ್ದರೆ ಗಂಗಮ್ಮನಿಗೆ ಗೊತ್ತಿರುತ್ತದಂತೆ.

ಗಿರಣಿ ಭರ್ಜರಿಯಾಗಿ ಓಡುತ್ತಿತ್ತು. ಗಂಗಮ್ಮ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಡಬ್ಬಗಳ ನಡುವೆ ನಿಂತಿದ್ದಳು. ಪಕ್ಕದ ಬೆಂಚಿನಲ್ಲಿ ಐದಾರು ಹೆಂಗಸರು, ಮಧ್ಯೆ ತೆಂಗಿನಕಾಯಿಯಷ್ಟು ಗಾತ್ರದ ಒಂದು ಬ್ಯಾಟರಿ ಸ್ಪೀಕರು. ಎಲ್ಲರೂ ಅದಕ್ಕೆ ಕಿವಿ ಹಚ್ಚಿ ಒಂದೇ ತಾಳಕ್ಕೆ ತಲೆ ಹಾಕುತ್ತಿದ್ದರು. ಹಾಡು ಕೇಳಿಸುತ್ತಿರಲಿಲ್ಲ. ಆದರೆ ಆ ತಾಳ ಬಸಲಿಂಗನದೇ, ಅವನಿಗೆ ಗುರುತು ಸಿಕ್ಕದೇ ಇರುತ್ತದೆಯೇ. ಗಿರಣಿ ಓಡುತ್ತಿರುವ ತನಕ ಅಪಾಯವಿಲ್ಲ ಎಂದುಕೊಂಡ. ಬದುಕಿನಲ್ಲಿ ಮೊದಲ ಸಲ, ಕರೆಂಟು ಹೋಗದಿರಲಿ ಎಂದು ದೇವರಲ್ಲಿ ಬೇಡಿದ.

ದೊಡ್ಡಮುನಿಯಪ್ಪ ಬಾಗಿಲಲ್ಲಿ ನಿಂತು ಏನೋ ಕೇಳಿದರು. ಗಂಗಮ್ಮ ಏನೋ ಹೇಳಿದಳು. ಇಬ್ಬರಿಗೂ ಕೇಳಿಸಲಿಲ್ಲ, ಇಬ್ಬರೂ ಒಪ್ಪಿದಂತೆ ತಲೆಯಾಡಿಸಿದರು. ಆಮೇಲೆ ಆಕೆ ಬಸಲಿಂಗನ ಹೆಗಲಿನಿಂದ ಮೂಟೆ ಕಿತ್ತು ತಕ್ಕಡಿಗೆ ಹಾಕಿ, ಮುಳ್ಳು ನೋಡಿ, ಮೂಟೆ ನೋಡಿ, ಮತ್ತೆ ಮುಳ್ಳು ನೋಡಿದಳು. ಇಷ್ಟು ದೊಡ್ಡ ಮೂಟೆ ಇಷ್ಟು ಹಗುರ ಹೇಗೆಂಬಂತೆ ಕೈಯಲ್ಲಿ ಸನ್ನೆ ಮಾಡಿದಳು. ಹುಳ ತಿಂದಿದೆಯೇನೋ ಎಂದು ಹಗ್ಗ ಬಿಚ್ಚಲು ಕೂತಳು. ಬಸಲಿಂಗ ಮೂಟೆಯ ಮೇಲೆ ಬಿದ್ದು ಅದರ ಬಾಯಿ ಹಿಡಿದ. ಆಕೆ ಎಳೆದಳು. ಅವನು ಎಳೆದ.

ಆಗ ಕರೆಂಟು ಹೋಯಿತು.

ಗಿರಣಿ ಒಮ್ಮೆ ನಿಟ್ಟುಸಿರುಬಿಟ್ಟಿತು. ಬೆಲ್ಟು ನಿಧಾನವಾಯಿತು, ಜರಡಿ ಎರಡು ಸಲ ಅಲ್ಲಾಡಿ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ, ಗಿರಣಿಯ ಸದ್ದನ್ನು ಮೀರಲೆಂದು ಪೂರ್ತಿ ಏರಿಸಿಟ್ಟಿದ್ದ ಸ್ಪೀಕರಿನಿಂದ ಮೊದಲು ಬಸಲಿಂಗನ ಸಾಲು, ಅದರ ಹಿಂದೆ ಅಂಬರೀಶನದು, ಗಲ್ಲಿಯ ಎರಡೂ ತುದಿಗೆ ಮುಟ್ಟುವ ಹಾಗೆ ಬಂದವು:

ಬಾಗ್ಲ ಮುಂದ ಎರಡ ಜೋಡ, ಮೂರನೇದು ಯಾವಂದು?
ಮುಂಜಾನೆದ್ದು ಎಣಸ್ತಾನ ನೋಡ, ಓನರಪ್ಪ ಬಂದು.
ಅವ್ವ ಬಂದ್ರ ಫೋಟೋ ಹಚ್ಚು, ಅಪ್ಪ ಬಂದ್ರ ಚೀಟಿ,
ಮೆಟ್ಲ ಸವೀತಾವ ತಮ್ಮಾ, ಬರಿಗಾಲಲೆ ದಾಟಿ.

ಬಕೆಟ್ಟಿಗೊಂದು ಟೋಕನ್ ಗುರು, ಮಗ್ಗಿಗೊಂದು ಸೀಲು,
ಸೋಪು ಹಚ್ಚಿ ನಿಂತ್ರೆ ಅಲ್ಲೇ ಮುಗೀತಂತೆ ಪಾಲು.
ಟೆರೇಸಲ್ಲಿ ಕ್ಲಿಪ್ಪು ನಾಕೇ, ಐದ್ನೇ ಶರ್ಟು ಒದ್ದೆ,
ಒಂಬತ್ತಕ್ಕೆ ಗೇಟಿಗೆ ಬೀಗ, ಗೇಟಿನಾಚೆ ನಿದ್ದೆ.

ಚಪ್ಪಲಿಯೊಂದು ಬಿಟ್ಟರೆ ಇದರಲ್ಲಿ ಯಾವುದೂ ದೊಡ್ಡಮುನಿಯಪ್ಪ ಮಾಡಿದ್ದಲ್ಲ. ಚಪ್ಪಲಿಯ ವಿಷಯ ಎರಡು ಸಾಲಿಗೆ ಮುಗಿದುಹೋಗಿತ್ತು. ಹಾಡೆಂದರೆ ಮೂರು ನಿಮಿಷವಾದರೂ ಬೇಕು. ಉಳಿದದ್ದನ್ನೆಲ್ಲ ಪ್ರಾಸ ಕೇಳಿತು, ಇವರು ಕೊಟ್ಟರು.

ದೊಡ್ಡಮುನಿಯಪ್ಪ ರಾಗಿ ಡಬ್ಬವೊಂದರ ಮೇಲೆ ಕೂತರು. ಮಟನ್ ಕವರನ್ನು ತೊಡೆಯ ಮೇಲಿಟ್ಟುಕೊಂಡರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹಾಡು ಮುಗಿಯಿತು.

"ಇನ್ನೊಂದ್ಸಲ ಆಕು," ಎಂದರು.

ಗಂಗಮ್ಮ ಹಾಕಿದಳು. ಅವರು ನೆಲ ನೋಡುತ್ತ ಕೊನೆಯ ತನಕ ಕೇಳಿದರು. ಅಷ್ಟು ಹೊತ್ತಿನಲ್ಲಿ ಬಸಲಿಂಗ ಮನಸ್ಸಿನಲ್ಲೇ ಕೋಣೆ ಖಾಲಿ ಮಾಡಿ ಮುಗಿಸಿದ್ದ. ಮೊದಲು ಮೈಕು, ಆಮೇಲೆ ಕಂಬಳಿ, ಸ್ಟವ್ವು ಕೊನೆಗೆ. ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇಗಳನ್ನು ಕೀಳಬೇಕೋ ಬಿಡಬೇಕೋ ಎಂಬಲ್ಲಿಗೆ ಬಂದಿದ್ದ.

ಯಾರು ಹಾಡಿದ್ದು ಎಂದು ದೊಡ್ಡಮುನಿಯಪ್ಪ ಕೇಳಿದರು. ಗಂಗಮ್ಮ ಹೆಮ್ಮೆ ತಡೆಯಲಾರದೆ ಬಸಲಿಂಗನನ್ನು ಮುಂದಕ್ಕೆ ದೂಡಿ, ನಮ್ಮ ಗೋಡೆ ಪಕ್ಕದಲ್ಲೇ ಕೂತು ಹಾಡಿದ್ದು ಎಂದಳು. ದೊಡ್ಡಮುನಿಯಪ್ಪ ಕೋಲಿನಿಂದ ಹತ್ತಿರ ಕರೆದರು.

"ಯಾರ್ ಮ್ಯಾಲೆ ಕಟ್ಟಿರ ಆಡು ಇದು? ನಂಗ್ ಗೊತ್ತಾಗಾಕಿಲ್ಲ ಅನ್ಕಂಡಾ?"

ಬಸಲಿಂಗ ಕೈ ಜೋಡಿಸಿದ. "ತಪ್ಪಾತ್ರೀ ಮಾಲಕ್ರ."

"ತಪ್ಪೇನ್ ಬಂತು. ಇದ್ದುದ್ ಇದ್ದಂಗೆ ಏಳಿದೀಯ." ಅವರ ಹೊಟ್ಟೆ ಅಲುಗಾಡತೊಡಗಿತು. ಅದು ನಗು ಎಂದು ಗೊತ್ತಾಗಲು ಎಲ್ಲರಿಗೂ ಸ್ವಲ್ಪ ಸಮಯ ಹಿಡಿಯಿತು. "ಮುನಿಕೃಷ್ಣ ಕಣ್ಲಾ ಇದು. ನಮ್ ಚಿಕ್ಕಪ್ಪನ ಮಗ. ಅವ್ನ್ ಬುದ್ಧಿ ಇಂಗೇಯಾ."

ಮುನಿಕೃಷ್ಣಪ್ಪನ ಐದು ಅಂತಸ್ತಿನ ಕಟ್ಟಡ ಎದುರು ಸಾಲಿನಲ್ಲಿದೆ. ಒಂದು ಬಾವಿಯ ಹಂಚಿಕೆಗೆ ಮೊದಲಾದ ಜಗಳ. ಬಾವಿ ಬತ್ತಿ, ಮುಚ್ಚಿ, ಮೇಲೆ ಬೇಕರಿ ಬಂದಿದ್ದರೂ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಚಪ್ಪಲಿಯ ಸಾಲು ಕೇಳಿ ತಮಗೆ ಅನುಮಾನ ಬರಲಿಲ್ಲವೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅದಕ್ಕೂ ಅವರೇ ಉತ್ತರ ಕೊಟ್ಟರು. ಮನೆ ಕಟ್ಟಿಸಿದವರೆಲ್ಲ ಚಪ್ಪಲಿ ಎಣಿಸುತ್ತಾರೆ, ಅದು ಲೋಕರೂಢಿ, ಅದನ್ನು ಬಿಡು. ಅದರ ಮುಂದಿನದು ಹೇಳು ಎಂದರು.

ಬಸಲಿಂಗನ ಎದೆಯ ಮೇಲಿದ್ದ ಗಿರಣಿಯ ಕಲ್ಲು ಇಳಿಯಿತು. ಅವನು ಚಪ್ಪಲಿ ಮೂಟೆಯ ಮೇಲೆಯೇ ಕೂತುಬಿಟ್ಟ. ಉಳಿದುಕೊಂಡ ಸಂತೋಷದಲ್ಲಿ ಮನುಷ್ಯ ಏನು ಕೇಳಿದರೂ ಹೌದೆನ್ನುತ್ತಾನೆ.

ಅವ್ವ ಬಂದರೂ ಫೋಟೋ ಅಂಟಿಸಬೇಕೇ ಎಂದು ಅವರು ಕೇಳಿದರು. ಹೌದೆಂದ. ಬಕೆಟ್ಟಿಗೆ ಟೋಕನ್ನು? ಹೌದು, ಹಿತ್ತಾಳೆಯದು ಎಂದು ಸೇರಿಸಿದ. ಮೆಟ್ಟಿಲಿಗೆ ಬರಿಗಾಲು? ಮಳೆಗಾಲದಲ್ಲೂ. ಕ್ಲಿಪ್ಪು ನಾಲ್ಕೇ ಎಂದರೆ ಮಿಕ್ಕ ಬಟ್ಟೆ ಏನು ಮಾಡುತ್ತಾರೆ? ಸರದಿಯ ಮೇಲೆ ಒಣಗಿಸುತ್ತಾರೆ. ಒಂದೊಂದು ಹೌದಿಗೂ ದೊಡ್ಡಮುನಿಯಪ್ಪ ತೊಡೆ ತಟ್ಟಿ ನಕ್ಕರು, ಹೆಂಗಸರು ನಕ್ಕರು, ಬಸಲಿಂಗ ಎಲ್ಲರಿಗಿಂತ ಜೋರಾಗಿ ನಕ್ಕ.

"ಅಂಗಾರೆ ರೂಮೆಲ್ಲ ಖಾಲಿ ಬಿದ್ದಿರ್ಬೇಕು ಅವಂದು."

"ಎಲ್ಲೀದ್ರೀ. ಐದೂ ಮಾಳಿಗಿ ತುಂಬ್ಯಾವ," ಎಂದ ಬಸಲಿಂಗ. ಅದೊಂದು ಮಾತ್ರ ನಿಜ.

"ಇಷ್ಟೆಲ್ಲಾ ಮಾಡಿದ್ರೂವೇ?"

"ಇಷ್ಟೆಲ್ಲಾ ಮಾಡಿದ್ರೂ ಒಬ್ಬವನೂ ಬಿಟ್ಟ ಹೋಗಿಲ್ರೀ."

ದೊಡ್ಡಮುನಿಯಪ್ಪನವರ ನಗು ನಿಂತಿತು. ಗಿರಣಿಯ ಬಾಗಿಲಿನಾಚೆ ಎದುರು ಸಾಲನ್ನು ತುಸು ಹೊತ್ತು ನೋಡಿದರು. ಆಮೇಲೆ ಎದ್ದು, ಬಸಲಿಂಗನ ತಲೆ ಸವರಿ, ಒಳ್ಳೆ ಕೆಲಸ ಮಾಡಿದೀಯ ಎಂದು ಹೇಳಿ, ಮಟನ್ ಹಿಡಿದುಕೊಂಡು ಮನೆಗೆ ಹೋದರು. ರಾಗಿ ಹಿಟ್ಟು ಮರೆತರು.

ಉಳಿದ ಮಧ್ಯಾಹ್ನ ಬಸಲಿಂಗನಿಗೆ ಹಬ್ಬದ ಹಾಗೆ ಕಳೆಯಿತು. ಬರಿಗಾಲಲ್ಲಿ ಹುಡುಕಿಕೊಂಡು ಬಂದ ಹದಿಮೂರು ಕೋಣೆಯವರಿಗೂ ಗಿರಣಿಯ ಮುಂದೆ ಮೂಟೆ ಸುರಿದು ಹಂಚಿದ. ಒಬ್ಬರ ಎಡ ಇನ್ನೊಬ್ಬರ ಬಲಕ್ಕೆ ಹೋಗಿ ಎರಡು ಸಣ್ಣ ಜಗಳಗಳಾದವು. ಹೋರಾಟವನ್ನು ಮೂಟೆ ಕಟ್ಟಿದಿರಿ ಸಾರ್ ಎಂದು ದೇವರಾಜ ನೊಂದುಕೊಂಡು ಗಂಬೂಟನ್ನು ಎತ್ತಿಕೊಂಡು ಹೋದ. ಬಸಲಿಂಗ ಅಂಬರೀಶನಿಗೆ ಫೋನು ಮಾಡಿ, ತೆಗೆಸುವ ಅರ್ಜಿ ಬೇಡ, ಏಳೂ ಇರಲಿ ಎಂದ. ಅಂಬರೀಶ ತಾನು ಮೊದಲೇ ಹೇಳಿದ್ದೆ ಎಂದ. ಆಮೇಲೆ ಬಸಲಿಂಗ ಊರಿಗೆ ಫೋನು ಮಾಡಿದ.

"ಅವ್ವಾ, ಮುಂದಿನ ವಾರ ಬಾ. ಮಾಲಕ್ರು ನನ್ ಮ್ಯಾಲ ಭಾಳ ಖುಷಿ ಅದಾರ. ಎಷ್ಟ್ ದಿನಾ ಬೇಕಾದ್ರ ಇರು, ಯಾರೂ ಏನೂ ಅನ್ನಂಗಿಲ್ಲ."

ಮಲಕವ್ವ ಚಪ್ಪಲಿ ಎಲ್ಲಿ ಬಿಡಲಿ ಎಂದು ಕೇಳಿದಳು. ಬಾಗಿಲ ಮುಂದೆಯೇ ಬಿಡು ಎಂದ. ಆಕೆ ರೊಟ್ಟಿ ಕಟ್ಟಿಕೊಂಡು ಮಂಗಳವಾರ ಬಸ್ಸು ಹತ್ತುತ್ತೇನೆ ಎಂದಳು. ಬಸಲಿಂಗ ಕಾಲು ಚಾಚಿ, ಎರಡು ವರ್ಷದಲ್ಲಿ ಎಂದೂ ಬರದಂಥ ನಿದ್ದೆ ಮಾಡಿದ.

ಐದು ಗಂಟೆಗೆ ಮೊಳೆ ಹೊಡೆಯುವ ಸದ್ದಿಗೆ ಎಚ್ಚರವಾಯಿತು. ಮೆಟ್ಟಿಲ ಬುಡದಲ್ಲಿ ದೊಡ್ಡಮುನಿಯಪ್ಪ ಸುತ್ತಿಗೆ ಹಿಡಿದಿದ್ದರು. ಅವರ ಮೊಮ್ಮಗಳು, ಕಾಲೇಜಿಗೆ ಹೋಗುವ ಸ್ಫೂರ್ತಿ, ಪ್ಲಾಸ್ಟಿಕ್ ಹೊದಿಸಿದ ಹೊಸ ಹಾಳೆಯೊಂದನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಬಾಗಿಲುಗಳು ತೆರೆದವು. ಮೂರೂ ಮಹಡಿಯವರು ಇಳಿದು ಬಂದು ನಿಂತರು. ದೇವರಾಜ ಕನ್ನಡಕ ಹಾಕಿಕೊಂಡು, ಅಭ್ಯಾಸಬಲದಿಂದ ಹಾಜರಿಯ ಧ್ವನಿಯಲ್ಲಿ ಗಟ್ಟಿಯಾಗಿ ಓದತೊಡಗಿದ. ಅವ್ವ ಬಂದರೆ ಫೋಟೋ ಅಂಟಿಸುವುದು, ಅಪ್ಪ ಬಂದರೆ ಚೀಟಿ. ಮೆಟ್ಟಿಲನ್ನು ಬರಿಗಾಲಲ್ಲಿ ದಾಟುವುದು. ಬಕೆಟ್ಟಿಗೆ ಒಂದು ಟೋಕನ್ನು, ಮಗ್ಗಿಗೆ ಸೀಲು. ಟೆರೇಸಿನಲ್ಲಿ ಕೋಣೆಗೆ ನಾಲ್ಕು ಕ್ಲಿಪ್ಪು. ಓದುತ್ತ ಓದುತ್ತ ಅವನ ಧ್ವನಿಗೆ ತಾನೇ ತಾಳ ಬಂತು. ಗೇಟಿನ ಬೀಗಕ್ಕೆ ಬಂದಾಗ ನಿಲ್ಲಿಸಿಬಿಟ್ಟ.

ಹದಿಮೂರು ಕೋಣೆಯವರೂ ಬಸಲಿಂಗನ ಕಡೆ ತಿರುಗಿದರು.

"ಪ್ರಾಸ ಸಕ್ಕತ್ತಾಗಿತ್ತು ಅಣ್ಣಾ," ಎಂದಳು ಸ್ಫೂರ್ತಿ. "ಆದಷ್ಟು ಹಂಗೇ ಇಟ್ಟಿದೀನಿ."

"ಮಾಲಕ್ರ," ಎಂದ ಬಸಲಿಂಗ. "ಅವೆಲ್ಲಾ ಹಾಡಿಗಂತ ಬರದದ್ದ್ರೀ."

"ಅದ್ಕೇ ಕಣ್ಲಾ ಒಳ್ಳೇದಾಯ್ತು. ಆಡಿನಂಗಿದ್ರೆ ಜನುಕ್ಕೆ ಬೇಗ ಗ್ಯಾಪ್ಕ ಉಳೀತದೆ. ಮೂವತ್ತೊರ್ಷದಿಂದ ಬರೀ ಚಪ್ಲಿ ಎಣಿಸ್ಕಂಡು ಕೂತಿದ್ನಲ್ಲ, ನನ್ ದಡ್ಡತನ." ದೊಡ್ಡಮುನಿಯಪ್ಪ ಕೊನೆಯ ಮೊಳೆ ಹೊಡೆದು, ಹಿಂದೆ ಸರಿದು, ಹಾಳೆ ನೆಟ್ಟಗಿದೆಯೇ ಎಂದು ನೋಡಿದರು. ಆಮೇಲೆ ಅವನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ನಾಳಿಂದ ಶುರು. ಉಳಿದೋರು ನಿಂತು ಓದ್ಕಳ್ಳಿ. ನೀನ್ ಓದ್ಬೇಕಾಗಿಲ್ಲ ಬುಡು, ನಿಂಗೆ ಬಾಯಿಪಾಠ ಐತಲ್ಲ."